ಅತ್ತೆಯನ್ನು ಹೆದರಿಸಿದ ಕೂಸು

ಲಿಂಗಸುಗೂರು, ಮಸ್ಕಿ ಎರಡೂ ತಾಲೂಕು ಸೋಸಿ ಹುಡುಕಿದರೂ ನನ್ನ ಸೋದರತ್ತೆಯನ್ನು ಹೆದರಿಸಬಲ್ಲ ಗಂಡಸು ಸಿಗುವುದಿಲ್ಲ. ಹೆಂಗಸು ಸಿಕ್ಕಿದಳು. ಅವಳ ವಯಸ್ಸು ಒಂದೂವರೆ ವರ್ಷ!

ಅತ್ತೆ, ಅಂದರೆ ನಮ್ಮಪ್ಪನ ಅಕ್ಕ, ಹಳ್ಳಿಹಳ್ಳಿ ತಿರುಗಿ ಹೆರಿಗೆ ಮಾಡಿಸಿ ನಿವೃತ್ತರಾದ ನರ್ಸು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ "ಪುರಸೊತ್ತು ಸಿಗಲಿಲ್ಲಲೇ" ಎನ್ನುತ್ತಾರೆ. ಪಾಮನಕಲ್ಲೂರಿನಲ್ಲಿ ಇವತ್ತಿಗೂ ಗಿರಿಜಾ ಮೀಸೆಯ ಗಂಡಸರು ಅವರನ್ನು ಕಂಡರೆ ಬೈಕಿನಿಂದ ಇಳಿದು ನಿಲ್ಲುತ್ತಾರೆ. "ನಿನ್ನ ಮೈಮ್ಯಾಗ ಬಟ್ಟಿ ಇಲ್ಲದಾಗಿಂದ ನೋಡೀನಿ, ನನ್ನ ಮುಂದ ಏನ್ ಗತ್ತಲೇ?" ಎನ್ನುವವರ ಎದುರು ಯಾರು ತಾನೆ ಬೈಕಿನ ಮೇಲೆ ಕುಳಿತಿರುತ್ತಾರೆ?

ಒಮ್ಮೆ ಬಸ್ಸು ಮಸ್ಕಿ ದಾಟಿದ ಮೇಲೆ ಒಬ್ಬಾಕೆಗೆ ಹೆರಿಗೆ ನೋವು ಬಂತು. ಅತ್ತೆ ಬಸ್ಸನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಗಂಡಸರನ್ನೆಲ್ಲ ಇಳಿಸಿ, ಅವರ ಟವೆಲ್ಲುಗಳನ್ನೇ ಕಸಿದು ಕಿಟಕಿಗೆ ಪರದೆ ಕಟ್ಟಿದರು. ಮುಕ್ಕಾಲು ಗಂಟೆಯಲ್ಲಿ ಗಂಡು ಮಗು! ಕಂಡಕ್ಟರು ಬೆವರೊರೆಸಿಕೊಳ್ಳುತ್ತಾ, "ಅಕ್ಕಾರ, ಬಸ್ಸಿನ್ಯಾಗ ಒಬ್ರು ಜಾಸ್ತಿ ಆದ್ರಲ್ರೀ, ಏನಂತ ಬರೀಲಿ?" ಎಂದನಂತೆ.

"ಬೇವಿನ ಗಿಡದ ಹಂತ್ಯಾಕ ಹತ್ಯಾನಂತ ಬರಿ!"

ಇಂಥ ಅತ್ತೆ ಹೋದ ವರ್ಷ ಒಂದು ಶನಿವಾರ ಸಿಂಧನೂರಿನ ನನ್ನ ಆಫೀಸಿಗೆ ಫೋನ್ ಮಾಡಿದರು. ದನಿ ಸಣ್ಣಗಿತ್ತು.

"ಲೇ, ನಾಳಿ ಐತವಾರ. ಇವತ್ತ ಸಂಜಿ ಬಸ್ಸಿಗೆ ಲಿಂಗಸುಗೂರಿಗೆ ಬಂದ್ಬಿಡು."

"ಯಾಕತ್ತಿ, ಆರಾಮಿಲ್ಲೇನ್ರೀ?"

"ಆರಾಮದೀನಿ. ನನ್ನ ಗೆಳತಿ ಪರೀಕ್ಷಾ ಬರಿಯಾಕ ರಾಯಚೂರಿಗೆ ಹೊಂಟಾಳ. ಆಕಿ ಕೂಸು ಇಡೀ ದಿನ ನನ್ನ ಹಂತ್ಯಾಕ ಇರ್ತೈತಿ."

ಆ ಗೆಳತಿ ಅತ್ತೆಗಿಂತ ಮೂವತ್ತು ವರ್ಷ ಚಿಕ್ಕವಳು, ಪಕ್ಕದ ಓಣಿಯ ನರ್ಸು. ಗಂಡ ತರಬೇತಿಗೆಂದು ಪರವೂರಿಗೆ ಹೋಗಿದ್ದ. ಕೂಸನ್ನು ಬಿಡಲು ಅವಳಿಗೆ ಬೇರೆ ಮನೆ ಇರಲಿಲ್ಲ.

"ನೀವು ನೋಡದ ಕೂಸು ಯಾವುದೈತ್ರೀ ಅತ್ತಿ?"

"ಹುಟ್ಟೋ ಕೂಸು ನನಗ ಗೊತ್ತು. ಇದು ನಡಿತೈತಿ. ಇದಕ್ಕ ಕಾಲು ಬಂದಾವಲೇ!"

ಮದುವೆಯಾಗದ ನಾನು ಹೋಗಿ ಏನು ಮಾಡಬೇಕಿತ್ತೋ! ಆದರೂ ಹೋದೆ. ಬಾಗಿಲು ತೆರೆದೇ ಇತ್ತು. ಒಳಗೆ ಅರವತ್ತೆರಡು ವರ್ಷದ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಬೆಗಾಲಿಕ್ಕುತ್ತಿದ್ದರು!

"ಏನ್ ಕಳದೈತ್ರೀ?"

"ಏನೂ ಕಳದಿಲ್ಲ. ಕೂಸಿನ ಎತ್ತರದಿಂದ ಮನಿ ನೋಡಾಕತ್ತೀನಿ. ನೀನೂ ಬಗ್ಗು."

ಬಗ್ಗಿದೆ. ಇಬ್ಬರೂ ಮೊಣಕಾಲ ಮೇಲೆ ಮನೆಯೆಲ್ಲ ಸುತ್ತಿ ಅಪಾಯಗಳನ್ನು ಹುಡುಕಿದೆವು. ರಾತ್ರಿ ಊಟದ ಹೊತ್ತಿಗೆ ಚಪ್ಪಲಿ, ಡಬ್ಬಿ, ಕೊಡ, ಕಸಬರಿಗೆ ಎಲ್ಲವೂ ಅಟ್ಟ ಸೇರಿದವು. ಒರಳುಕಲ್ಲನ್ನು ಕೂಸು ನುಂಗಲಾರದು ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆಮೇಲೆ ಅತ್ತೆ ನೋಟ್‌ಬುಕ್ಕಿನಲ್ಲಿ ವೇಳಾಪಟ್ಟಿ ಬರೆದರು. ಅದರಲ್ಲಿ ಹನ್ನೊಂದೂವರೆಯಿಂದ ಹನ್ನೆರಡು 'ನಗಿಸುವುದು'. ಅದರ ಮುಂದೆ ನನ್ನ ಹೆಸರು!

ಬೆಳಿಗ್ಗೆ ತಾಯಿ ಕೂಸನ್ನು ತಂದು ಬಿಟ್ಟಳು. "ನಿಮ್ಮ ಹಂತ್ಯಾಕ ಬಿಟ್ಟೀನಂದ್ರ ನನಗೇನ್ ಚಿಂತಿಲ್ರೀ ಅಕ್ಕಾರ" ಎಂದಳು. ಅತ್ತೆ ಧೈರ್ಯವಾಗಿ ನಕ್ಕರು. ಬೆನ್ನ ಹಿಂದೆ ಅವರ ಕೈ ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದಿತ್ತು.

ಕೂಸು ಒಳಗೆ ನಡೆದು ಬಂದು, ಬರಿದಾದ ಮನೆಯನ್ನು ಒಮ್ಮೆ ಸುತ್ತ ನೋಡಿ, ಓಣಿಯೆಲ್ಲ ಕೇಳುವಂತೆ ಚೀರಿತು. ಅತ್ತೆ ಓಡಿ ನಾಡಿ ಹಿಡಿದರು. ಜ್ವರ ನೋಡಿದರು. ಹೊಟ್ಟೆ ಮುಟ್ಟಿದರು.

"ಎಲ್ಲಾ ಬರೋಬರಿ ಐತಿ. ಮತ್ಯಾಕ ಅಳಾಕತ್ತೈತಿ?"

"ಅತ್ತಿ, ಆಡಾಕ ಏನೂ ಇಲ್ರೀ!"

ಅಟ್ಟ ಹತ್ತಿದವನು ನಾನು. ಒಂದೊಂದಾಗಿ ಎಲ್ಲ ಕೆಳಗಿಳಿಸಿದೆ. ಕೂಸು ಡಬ್ಬಿಗಳ ನಡುವೆ ರಾಜ್ಯಭಾರಕ್ಕೆ ಕುಳಿತಿತು, ಮೊದಲ ಕೆಲಸವೆಂದು ವೇಳಾಪಟ್ಟಿಯನ್ನು ಹರಿದು ಬಾಯಿಗಿಟ್ಟುಕೊಂಡಿತು.

ಮಧ್ಯಾಹ್ನ ಅದು ಅರ್ಧ ಚೀಪಿದ ಬಿಸ್ಕೀಟನ್ನು ಅತ್ತೆಯ ಬಾಯಿಗೆ ಹಿಡಿಯಿತು. ಊರೂರಿಗೆ ಕೈ ತೊಳೆಯುವುದನ್ನು ಕಲಿಸಿದ ನನ್ನ ಅತ್ತೆ ಕಣ್ಣು ಮುಚ್ಚಿ ಬಾಯಿ ತೆರೆದರು!

"ಅತ್ತೀ, ಅದು ಈಗ ಚಪ್ಪಲಿ ಮುಟ್ಟಿತ್ರೀ!"

"ಸುಮ್ನಿರಲೇ. ಊಟ ಮಾಡಾಕತ್ತೀನಿ."

ನಾಲ್ಕೂವರೆಗೆ, ಗೋಡೆಗೆ ಒರಗಿದ್ದ ಅತ್ತೆಯ ತೋಳಿನ ಮೇಲೆ ಕೂಸು ಹಾಗೆಯೇ ನಿದ್ದೆ ಹೋಯಿತು. ಅತ್ತೆ ಅಲುಗಲಿಲ್ಲ. ಒಂದು ಗಂಟೆ ಕಳೆಯಿತು.

"ಕೈ ಜೋಮು ಹಿಡಿದಿರ್ತೈತಿ, ಕೆಳಗ ಮಲಗಸ್ರೀ."

ಬೇಡವೆಂದು ತಲೆಯಾಡಿಸಿದರು. ಆಮೇಲೆ ಪಿಸುಗುಟ್ಟಿದರು. "ಎಷ್ಟೋ ಕೂಸು ಎತ್ತೀನಿ. ಎಲ್ಲಾ ಅಳಕೋತನಾ ಬಂದವು. ಅಳಲಿಲ್ಲಂದ್ರ ನನಗ ಜೀವ ಹೋಗ್ತಿತ್ತು. ಅತ್ತ ಕೂಡ್ಲೆ ಅವ್ವನ ಮಗ್ಗಲಕ ಇಟ್ಟು ಮುಂದಿನ ಊರಿಗೆ ಹೋಗ್ತಿದ್ದೆ." ಕೂಸಿನ ಹಣೆಯ ಕೂದಲನ್ನು ಒಂದು ಬೆರಳಿನಿಂದ ಸರಿಸಿದರು. "ನನ್ನ ಕೈಯಾಗ ಒಂದು ಕೂಸು ಮಲಗಿದ್ದು ಇದಾ ಮೊದಲಲೇ."

ಹೊತ್ತು ಮುಳುಗುವಾಗ ತಾಯಿ ಬಾಗಿಲಲ್ಲಿ ಬಂದು ನಿಂತಳು. ಪರೀಕ್ಷೆ ಹೇಗಾಯಿತೆಂದು ಅತ್ತೆ ಕೇಳಲಿಲ್ಲ. "ತಾನಾ ಏಳಲಿ" ಎಂದರು, ತುಟಿಯಲ್ಲೇ. ಅವಳು ಮಗಳನ್ನು ನೋಡಿದಳು, ಅತ್ತೆಯ ಮುಖವನ್ನು ನೋಡಿದಳು, ಸದ್ದಿಲ್ಲದೆ ಹೊಸ್ತಿಲ ಬಳಿ ಕುಳಿತುಕೊಂಡಳು.

ದೀಪ ಹಾಕಲು ಎದ್ದಿದ್ದ ನಾನು ಸ್ವಿಚ್ಚಿನಿಂದ ಕೈ ತೆಗೆದೆ.