ಪ್ರಮಿಳಾಳ ದನಿ ಇದ್ದ ಡಿಸ್ಕು

ಹಳೇ ಡಿಸ್ಕಿನ ಅಗಲವಾದ ತಂತಿಯನ್ನು ಸಿಕ್ಕಿಸಲು ಮನೆಯ ಹೊಸ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ತಮ್ಮಣ್ಣನ ಕಷ್ಟ ಶುರುವಾದದ್ದು ಅಲ್ಲಿಂದ.

ಖಾನಾಪುರದ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುವುದು ಅವನ ಕೆಲಸ. ಆರು ವರ್ಷದ ಹಿಂದೆ ಅಲ್ಲಿಯ ಕಂಪ್ಯೂಟರಿಗೆ ಮೈಕು ಬಂದ ದಿನ, ಊಟದ ಡಬ್ಬಿ ತಂದಿದ್ದ ಹೆಂಡತಿ ಪ್ರಮಿಳಾಳನ್ನು ಅದರ ಮುಂದೆ ಕೂರಿಸಿ, "ಏನರ ಮಾತಾಡ" ಎಂದು ಹೇಳಿ ತಾನು ಚಹಾಕ್ಕೆ ಹೋಗಿದ್ದ. ಅವಳು ಏನು ಮಾತಾಡಿದಳೆಂದು ಕೇಳಲು ಪುರುಸೊತ್ತೇ ಆಗಲಿಲ್ಲ. ಈಗ ಅವಳು ತೀರಿಕೊಂಡು ಹನ್ನೊಂದು ತಿಂಗಳು. ಆ ಯಂತ್ರ ಗುಜರಿಗೆ ಹೊರಟಾಗ ಮಾಲಕರನ್ನು ಬೇಡಿಕೊಂಡು ಡಿಸ್ಕನ್ನು ಮನೆಗೆ ತಂದಿದ್ದ. ಅವಳ ದನಿ ಉಳಿದಿದ್ದರೆ ಅದರಲ್ಲಿ ಮಾತ್ರ.

"ನಡುವ ಒಂದ್ ಕಾರ್ಡ್ ಹಾಕಬೇಕ್ರೀ. ಡಿಸ್ಕ್ ತಗೊಂಡ ಬರ್ರಿ" ಎಂದ ಫೋನಿನಲ್ಲಿ ಬೆಳಗಾವಿಯ ಕಂಪ್ಯೂಟರ್ ಅಂಗಡಿಯ ಕಲ್ಮೇಶ. ತಮ್ಮಣ್ಣ ಮರುದಿನ ಬೆಳಿಗ್ಗೆಯೇ ಹೋಗಿ ಕಾರ್ಡು ತಂದ. ಬಸ್ಸಿನಲ್ಲಿ ತಿರುಗಿ ಬರುವಾಗ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿ ಕುಳಿತಿದ್ದ. ಬಾಜೂ ಸೀಟಿನ ಮುದುಕಿ ಕೇಳಿದಳು:

"ಎಷ್ಟ್ ತಿಂಗಳದ್ದರಿ ಕೂಸು?"

"ಆರ್ ವರ್ಷದ್ದು."

ಮುದುಕಿ ತನ್ನ ಗಂಟು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಮನೆಗೆ ಬಂದರೆ ಅರ್ಧ ಓಣಿ ಪಡಸಾಲೆಯಲ್ಲಿ ಕೂತಿತ್ತು. ಪ್ರಮಿಳಾಳ ದನಿ ಕೇಳಬಹುದೆಂದು ಪಕ್ಕದ ಮನೆಯ ಮಾಯಕ್ಕ ಎಲ್ಲರಿಗೂ ಹೇಳಿದ್ದಳು. ಹನ್ನೊಂದು ತಿಂಗಳಿಂದ ತಮ್ಮಣ್ಣನಿಗೆ ಎರಡು ಹೊತ್ತು ರೊಟ್ಟಿ, ಸಾರು ಕೊಡುತ್ತಿದ್ದವಳು ಅವಳೇ. ಬೇಡ ಎನ್ನುವುದು ಹೇಗೆ?

ಕಾರ್ಡು ಕೂರಿಸಿ, ತಂತಿ ಜೋಡಿಸಿ, ಗುಂಡಿ ಒತ್ತಿದ. ಪರದೆ ಕಪ್ಪಗೇ ಉಳಿಯಿತು.

"ತೆಲಿ ಮ್ಯಾಲ ಒಂದ್ ಬಡೀಪಾ. ನಮ್ಮ ರೇಡಿಯೋ ಹಂಗ ಹಾಡ್ತಿತ್ತು" ಎಂದರು ಭಜನಾ ಮಂಡಳಿಯ ಗುರುಪುತ್ರಪ್ಪ. ಮಾಯಕ್ಕ ಕಂಪ್ಯೂಟರಿನ ಹಣೆಗೆ ವಿಭೂತಿ ಬಳಿದಳು. ತಮ್ಮಣ್ಣ ಕಾರ್ಡನ್ನು ಕಿತ್ತು ಬೇರೆ ಸಂದಿಗೆ ಹಾಕಿದ. ಡಿಸ್ಕು ಹಳೇ ಗಿರಣಿಯಂತೆ ಗೊರಗುಟ್ಟಿ ತಿರುಗಿತು. ಅವಳ ಫೈಲು ಹುಡುಕಿ ಒತ್ತಿದ.

"ಏನ್ ಮಾತಾಡ್ಲಿ?" ಎಂದಿತು ಪ್ರಮಿಳಾಳ ದನಿ.

ಮಾಯಕ್ಕ ಗೊಳೋ ಎಂದು ಅತ್ತಳು. ತಮ್ಮಣ್ಣನ ಕಣ್ಣು ಮಂಜಾದವು.

"ಒಬ್ಬಾಕೀನ ಕುಂತೇನಿ, ಮನಸಿನಾಗಿದ್ದದ್ದ ಹೇಳಿಬಿಡ್ತೇನ್ರಿ. ಮಾಯಕ್ಕ ಕೊಟ್ಟ ಸಾರು ಒಂದಿನಾನೂ ನಿಮಗ ಬಡಿಸಿಲ್ಲ. ಎಮ್ಮಿಗೆ ಹಾಕೀನಿ. ಎಮ್ಮೀನೂ ಮಾರಿ ತಿರುವಿತು."

ಅಳು ಅರ್ಧಕ್ಕೇ ನಿಂತಿತು.

"ಗುರುಪುತ್ರಪ್ಪ ಮಾವಾರ ಭಜನಿಗೆ ಕುಂತ್ರಂದ್ರ ನಾ ಕಿವ್ಯಾಗ ಹತ್ತಿ ಇಟ್ಕೋತೇನಿ..."

ತಮ್ಮಣ್ಣ ನಿಲ್ಲಿಸಲು ಹೋದ; ಮೌಸಿನ ಬಾಣ ಅಲುಗಲಿಲ್ಲ. ದನಿ ಓಣಿಯ ಮನೆ ಮನೆಗೂ ಹೋಗಿ ಬಂತು.

"ಸತ್ತಾಕಿ ಮ್ಯಾಲ ಸಿಟ್ಟ ಮಾಡಬಾರದವಾ" ಎಂದರು ಗುರುಪುತ್ರಪ್ಪ, ಎದ್ದು ನಿಂತು.

"ಆಕಿ ಸತ್ತಾಳ. ಕೇಳಿಸಿದಾವ ಜೀವಂತ ಅದಾನಲ್ಲ?" ಎಂದಳು ಮಾಯಕ್ಕ. ಮೂಲೆಯಲ್ಲಿದ್ದ ತನ್ನ ಸಾರಿನ ಪಾತ್ರೆ ಎತ್ತಿಕೊಂಡು ನಡೆದೇಬಿಟ್ಟಳು. ಹಿಂದೆಯೇ ಎಲ್ಲರೂ ಎದ್ದರು.

ಖಾಲಿ ಪಡಸಾಲೆಯಲ್ಲಿ ಪ್ರಮಿಳಾ ಮೆಲ್ಲಗೆ ನಕ್ಕಳು.

"ಇನ್ನ ನಿಮ್ಮ ಬಗ್ಗೆ ಒಂದು ಮಾತು ಐತಿ. ಭಾಳ ದಿನದಿಂದ ಹೇಳಬೇಕಂತ ಮಾಡೇನಿ."

ತಮ್ಮಣ್ಣ ಮುಂದಕ್ಕೆ ಬಾಗಿದ.

"ಆದ್ರ ಇಲ್ಲಿ ಬ್ಯಾಡ. ಮನಿಗೆ ಬರ್ರಿ, ಹೇಳ್ತೇನಿ."

ಅಷ್ಟಕ್ಕೆ ದನಿ ಮುಗಿದಿತ್ತು. ತಮ್ಮಣ್ಣ ಮನೆಯಲ್ಲೇ ಕೂತಿದ್ದ.