ಕಾರಿನಲ್ಲಿ ಕಾಲಿಗೆ ನೀರು

ಅಂಬಾಸಿಡರ್ ಕಾರಿನ ಕೆಳಗೆ ತೊಟ್ಟಿಕ್ಕಿದ್ದು ಒಂದೇ ಒಂದು ಹನಿ. ಅಮರೇಶಪ್ಪ ಒಬ್ಬನೇ ನೋಡಿದ್ದರೆ ಕಾಲಿನಿಂದ ಒರೆಸಿ ಸುಮ್ಮನಾಗುತ್ತಿದ್ದ. ಆದರೆ ಸಿಕಂದರಾಬಾದಿನ ಆಚೆಯ ಕುಷಾಯಿಗೂಡದ ಆ ಬೀದಿಯಲ್ಲಿ ಯಾವ ಹನಿಯೂ ಒಬ್ಬರೇ ನೋಡುವಂತೆ ಬೀಳುವುದಿಲ್ಲ.

ಸರ್ಕಾರಿ ಹರಾಜಿನಲ್ಲಿ ಕೊಂಡ ಹಳೆಯ ಕಾರು ಅದು. ಹಿಂದೆ ಯಾರೋ ಅಧಿಕಾರಿಗಾಗಿ ಡ್ಯಾಶ್‌ಬೋರ್ಡಿನ ಕೆಳಗೆ ಏಸಿ ಪೆಟ್ಟಿಗೆ ಕೂರಿಸಿದ್ದರು. ನಿವೃತ್ತಿಯಾದ ಮೇಲೂ ಪೆಟ್ಟಿಗೆಗೆ ಕಚೇರಿಯ ಅಭ್ಯಾಸ ಹೋಗಿರಲಿಲ್ಲ. ಸದ್ದು ಮಾಡುತ್ತಿತ್ತು, ಕೆಲಸ ಮಾಡುತ್ತಿರಲಿಲ್ಲ. ಹೋದ ವರ್ಷ ಸೇಡಂನಿಂದ ಬಂದ ಮಾವ ಶಾಂತಪ್ಪ ಈ ಕಾರಿನಲ್ಲಿ ಬೆಂದು, ಅರ್ಧ ದಾರಿಗೇ ತಾರ್ನಾಕದಲ್ಲಿ ಇಳಿದು, ಸಿಟಿ ಬಸ್ ಹತ್ತಿ ಅಳಿಯನಿಗಿಂತ ಮೊದಲೇ ಮನೆ ಸೇರಿದ್ದರು.

ಈಗ ಮಾವ ಮತ್ತೆ ಬರುವವರಿದ್ದರು. ಮುಂಗಾರಿನ ಮಿರುಗ ನಕ್ಷತ್ರ ಹೊಕ್ಕರೂ ಮಳೆಯಿಲ್ಲ. ಮೋಡ ಕವಿದು ಊರೆಲ್ಲ ಇಡ್ಲಿ ಪಾತ್ರೆಯಂತೆ ಬೇಯುತ್ತಿತ್ತು. ಹೆಂಡತಿ ಶಿವದೇವಿ ಹಿಂದಿನ ವಾರವೇ ತೀರ್ಪು ಕೊಟ್ಟಿದ್ದಳು: "ನೋಡ್ರಿ, ಈ ಸಲ ನಮ್ಮಪ್ಪ ಗಾಡ್ಯಾಗ ಬೆವತರಂದ್ರ, ಗುಜರಿಯವನ್ನ ನಾನೇ ಕರೀತೀನಿ."

ಅಮರೇಶಪ್ಪನಿಗೆ ಆ ಕಾರೆಂದರೆ ಪ್ರಾಣ. ಬಾಲಾನಗರದ ಗ್ಯಾರೇಜಿಗೆ ಒಯ್ದು, ಧೂಳು ತೆಗೆಸಿ, ಬೆಲ್ಟ್ ಬಿಗಿಸಿ, ಗ್ಯಾಸ್ ತುಂಬಿಸಿಕೊಂಡು ಬಂದಿದ್ದ. ರೈಲು ಬರುವ ದಿನ ಬೆಳಿಗ್ಗೆ ಮನೆ ಮುಂದೆ ಇಂಜಿನ್ ಚಾಲೂ ಮಾಡಿ ಏಸಿ ಹಾಕಿದ. ಹಿಮಾಲಯದ ಗಾಳಿ ದಾರಿ ತಪ್ಪಿ ಕುಷಾಯಿಗೂಡಕ್ಕೆ ಬಂದಂತಾಯಿತು. ಆಗಲೇ ಆ ಹನಿ ಬಿದ್ದದ್ದು.

"ಏನ್ರೀ ಅಮರೇಶಪ್ಪನೋರೆ, ನಿಮ್ಮ ಗಾಡಿ ಸೋರ್ತಾ ಇದೆಯಲ್ರೀ!" ಎಂದರು ಎದುರು ಮನೆಯ ಸುಬ್ಬರಾಯರು. ಮೈಸೂರಿನವರು, ವಿಮಾನದ ಸಲಕರಣೆ ಮಾಡುವ ಕಾರ್ಖಾನೆಯ ನೌಕರರು. ಆಕಾಶದಲ್ಲಿ ಹಾರುವುದೆಲ್ಲ ಗೊತ್ತಿದ್ದ ಮೇಲೆ ನೆಲದ ಮೇಲೆ ಉರುಳುವುದು ಯಾವ ಲೆಕ್ಕ ಎಂಬುದು ಅವರ ನಂಬಿಕೆ.

"ಲೀಕೇಜು," ಎಂದರು ಪಕ್ಕದ ಮನೆಯ ತಿಪ್ಪೇಸ್ವಾಮಿ, ಲುಂಗಿ ಎತ್ತಿ ಕಟ್ಟುತ್ತ. "ಇಪ್ಪತ್ತು ವರ್ಷದಿಂದ ಫ್ಯಾಕ್ಟರಿ ಇನ್ಸ್‌ಪೆಕ್ಷನ್‌ನಾಗೆ ಇದೀನಿ, ನನಗೆ ಹೇಳ್ತೀರಾ?"

"ನಾ ಏನೂ ಹೇಳಿಲ್ಲಲ್ರಿ," ಎಂದ ಅಮರೇಶಪ್ಪ.

ತಿಪ್ಪೇಸ್ವಾಮಿ ಹನಿಯನ್ನು ಬೆರಳಿಗೆ ಹಚ್ಚಿ ಮೂಸಿದರು. ಆಮೇಲೆ ನಾಲಿಗೆಗೆ ತಾಗಿಸಿದರು. "ಪೆಟ್ರೋಲಲ್ಲ, ಬ್ರೇಕ್ ಆಯಿಲ್ಲೂ ಅಲ್ಲ."

"ಅಂದ್ರೆ ಗ್ಯಾಸೇ ಕರಗಿ ನೀರಾಗ್ತಾ ಇದೆ," ಎಂದು ಸುಬ್ಬರಾಯರು ಮುಗಿಸಿದರು. "ಬೇಗಂಪೇಟೆ ಸ್ಟೇಷನ್ ಮುಟ್ಟೋದ್ರೊಳಗೆ ಪೂರಾ ಖಾಲಿ!"

ಏಸಿ ಓಡುವಾಗ ಗಾಳಿಯ ತೇವ ತಣ್ಣಗಿನ ಕೊಳವೆಗೆ ತಾಗಿ ನೀರಾಗಿ ತೊಟ್ಟಿಕ್ಕುವುದು ಸಹಜ. ತೊಟ್ಟಿಕ್ಕಿದರೇ ಅದು ಸರಿಯಾಗಿದೆ ಎಂದರ್ಥ. ಇದನ್ನು ಬಲ್ಲವರು ಆ ಬೀದಿಯಲ್ಲೂ ಇದ್ದಿರಬಹುದು. ರಾತ್ರಿ ಪಾಳಿ ಮುಗಿಸಿ ಮಲಗಿದ್ದರೋ ಏನೋ.

ಅಮರೇಶಪ್ಪನ ಕಣ್ಣ ಮುಂದೆ ಗುಜರಿಯವನ ತಕ್ಕಡಿ ತೂಗಾಡಿತು. "ಏನರ ಮಾಡ್ರೀಪ, ರೈಲಿನ ಹೊತ್ತಾತು!" ಎಂದು ಅಂಗಲಾಚಿದ. ಸುಬ್ಬರಾಯರು ಕಾರಿನ ಕೆಳಗೆ ತೆವಳಿದರು. ತಿಪ್ಪೇಸ್ವಾಮಿ ಹೊರಗೆ ನಿಂತು ಅವರ ಕಾಲುಗಳಿಗೆ ಸಲಹೆ ಕೊಟ್ಟರು. ಕೊನೆಗೆ ನೀರು ಬರುತ್ತಿದ್ದ ರಬ್ಬರ್ ನಳಿಗೆ ಬೂಚು ಜಡಿದು, ತಂತಿ ಸುತ್ತಿ ಬಿಗಿದದ್ದಾಯಿತು. ಸೋರುವುದು ನಿಂತಿತು. ಮೂವರೂ ಕೈಕುಲುಕಿದರು.

ಬೇಗಂಪೇಟೆಯಲ್ಲಿ ಶಾಂತಪ್ಪ ಮುಂದಿನ ಸೀಟಿನಲ್ಲಿ ಅನುಮಾನದಿಂದಲೇ ಕೂತರು, ಇಳಿಯಲು ಅನುಕೂಲವಾಗಲೆಂದು ಒಂದು ಕೈ ಬಾಗಿಲ ಹಿಡಿಕೆಯ ಮೇಲೆ. ಪ್ಯಾರಡೈಸ್ ವೃತ್ತ ದಾಟುವಾಗ ಕೈ ಸಡಿಲಿತು. ಸಿಕಂದರಾಬಾದಿನಲ್ಲಿ ಚಪ್ಪಲಿ ಬಿಚ್ಚಿ ಕಾಲು ಚಾಚಿದರು.

"ಥಂಡ ಭಾಳ ಚಲೋ ಬರಾಕತ್ತೈತಿ ಅಳಿಯಂದ್ರ."

ಅಮರೇಶಪ್ಪ ಹಿಗ್ಗಿದ. ಮೆಟ್ಟುಗೂಡದ ಹತ್ತಿರ ಪೆಟ್ಟಿಗೆಯೊಳಗಿಂದ ಗುಳುಗುಳು ಸದ್ದು ಕೇಳಿಸಿತು.

"ಏನ್ರಿ ಅದು ಸಪ್ಪಳ?"

"ಗ್ಯಾಸ್ ರಿ, ಮಾವಾರ."

"ನನ್ನದಲ್ಲ ಬಿಡ್ರಿ," ಎಂದು ಶಾಂತಪ್ಪ ಗಂಭೀರವಾಗಿ ಸ್ಪಷ್ಟಪಡಿಸಿದರು.

ತಾರ್ನಾಕದ ತಿರುವಿನಲ್ಲಿ ಆಟೋ ಒಂದು ಅಡ್ಡ ಬಂತು. ಅಮರೇಶಪ್ಪ ಎದ್ದು ನಿಂತಂತೆ ಬ್ರೇಕ್ ತುಳಿದ. ಬೆಳಗಿನಿಂದ ಹೊರಹೋಗಲಾಗದೆ ಪೆಟ್ಟಿಗೆಯಲ್ಲಿ ಕೂಡಿಕೊಂಡಿದ್ದ ನೀರು, ಒಂದು ತಂಬಿಗೆಯಷ್ಟು, ಮಂಜಿನಂತೆ ತಣ್ಣಗಿದ್ದದ್ದು, ಮಾವನ ಎರಡೂ ಪಾದಗಳ ಮೇಲೆ ದಬದಬನೆ ಸುರಿಯಿತು.

ಶಾಂತಪ್ಪ ಪಾದ ನೋಡಿಕೊಂಡರು. ಅಳಿಯನನ್ನು ನೋಡಿದರು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ಅಮರೇಶಪ್ಪ ಗೇರ್ ಹಾಕುವುದನ್ನೇ ಮರೆತಿದ್ದ.

"ಅಳಿಯಂದ್ರ…" ಮಾವನ ಧ್ವನಿ ತುಂಬಿ ಬಂತು. "ನಮ್ಮ ಕಡೆ ಬೀಗರು ಮನಿಗೆ ಬಂದ ಮ್ಯಾಲೆ ಕಾಲಿಗೆ ನೀರು ಕೊಡ್ತಾರ. ನೀವು ದಾರ್ಯಾಗೇ ಕೊಟ್ರಲ್ಲಾ! ಅದೂ ಕೂತಲ್ಲೇ!"

ಅಮರೇಶಪ್ಪನಿಗೆ ಹೋದ ಜೀವ ಬಂತು. "ನಿಮಗಂತನೇ ಮಾಡಿಸೀನ್ರಿ ಮಾವಾರ," ಎಂದುಬಿಟ್ಟ. ಹಬ್ಸಿಗೂಡ ಮುಟ್ಟುವಷ್ಟರಲ್ಲಿ ಆ ಮಾತನ್ನು ಅವನೂ ನಂಬಿದ್ದ.

ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತ ಶಾಂತಪ್ಪ ಮಗಳನ್ನು ಕೂಗಿದರು. "ಶಿವದೇವಿ, ಇಂಥಾ ಗಾಡಿ ಮಾರೂ ಮಾತು ಆಡಬ್ಯಾಡವಾ. ಹುಡಿಕಿದರೂ ಸಿಗಂಗಿಲ್ಲ."

ಅಡುಗೆಮನೆಯಿಂದ, "ಆತು ಬಿಡಪಾ," ಎಂಬ ಉತ್ತರ ಬಂತು. ಅಮರೇಶಪ್ಪ ಎದ್ದು ಕುಣಿಯುವುದೊಂದು ಬಾಕಿ.

"ಶ್ರಾವಣದಾಗ ನಮ್ಮ ಸಣ್ಣಾಕಿ ಲಗ್ನ," ಎಂದು ಮಾವ ಮುಂದುವರಿಸಿದರು. "ಬೀಗರು ಮಾತಿಗೊಮ್ಮೆ ಮೂಗು ಮುರಿಯೋ ಮಂದಿ. ಸ್ಟೇಷನ್‌ದಾಗ ಹತ್ತಿಸಿಕೊಂಡು, ದಾರ್ಯಾಗೇ ಕಾಲಿಗೆ ನೀರು ಕೊಟ್ಟರ ಉಸುರು ಎತ್ತಬಾರದು! ಚಾವಿ ತರ್ರಿ. ಸಂಜಿಗೆ ನಾನೇ ಹೊಡ್ಕೊಂಡು ಹೋಗ್ತೀನಿ. ಟ್ರ್ಯಾಕ್ಟರ್ ಹೊಡದ ಕೈ ಐತಿ ಇದು."

"ಲಗ್ನ ಮುಗಿದ ಮ್ಯಾಲೆ ಗಾಡಿ…?"

"ಲಗ್ನದಾಗ ಎಲ್ಲಿ ಮುಗೀತೈತ್ರಿ? ಆಮ್ಯಾಲೆ ಬಸುರಿ ಕುಬಸ, ಅದರ ಹಿಂದ ಕೂಸಿನ ತೊಟ್ಟಿಲ. ಬೀಗರು ಬರೂದು ನಿಲ್ತೈತೇನು?"

ಅಮರೇಶಪ್ಪ ನಿಜ ಹೇಳಿ ಕಾರು ಉಳಿಸಿಕೊಳ್ಳೋಣವೆಂದು ಬಾಯಿ ತೆರೆದ. "ಮಾವಾರ, ಖರೇ ಹೇಳ್ಬೇಕಂದ್ರ, ಆ ನೀರು…"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಗಕ್ಕನೆ ನಿಂತಿತು. "ಯಾಕ್ರೀ? ಮತ್ತ ಕೆಟ್ಟೈತೇನು?" ಎಂದಳು ಶಿವದೇವಿ.

ಕೆಟ್ಟಿದೆ ಎಂದರೆ ಗುಜರಿಗೆ. ಸರಿಯಿದೆ ಎಂದರೆ ಸೇಡಂಗೆ.

"ಇಲ್ಲಿಲ್ಲ," ಎಂದ ಅಮರೇಶಪ್ಪ. "ಭಾಳ ಚಲೋ ಐತಿ."

ಸಂಜೆ ಕಾರು ಬೀದಿ ತಿರುಗಿ ಮರೆಯಾಯಿತು. ಸುಬ್ಬರಾಯರೂ ತಿಪ್ಪೇಸ್ವಾಮಿಯೂ ತಮ್ಮ ತಮ್ಮ ಗೇಟಿನಿಂದ ಹೆಮ್ಮೆಯಿಂದ ಕೈ ಬೀಸಿದರು. ಧೂಳು ಇಳಿಯುವವರೆಗೂ ಅಮರೇಶಪ್ಪ ಅಲ್ಲೇ ನಿಂತಿದ್ದ. ಶಿವದೇವಿ ಪಕ್ಕಕ್ಕೆ ಬಂದು ಸೆರಗಿನಿಂದ ಗಾಳಿ ಹಾಕಿಕೊಂಡಳು.

"ಅವತ್ತೇ ನನ್ನ ಮಾತು ಕೇಳಿ ಗುಜರಿಗೆ ಹಾಕಿದ್ದರ," ಎಂದಳು, "ನಾಕು ರೊಕ್ಕನಾರ ಬರ್ತಿದ್ವು."