ಇಪ್ಪತ್ತೆರಡು ನಿಮಿಷದ ಹಾಡೂ, ಅದನ್ನ ಕೇಳಲಾರದ ಮಂದೀನೂ

ನಾ ಅಂಗಡ್ಯಾಗ ನನ್ನ ಹಾಡು ಹಚ್ಚಿ ಕುಂತೆ ಅಂದ್ರ ಸಾಕು, ನನ್ನ ಅವಮಾನ ಮಾಡಲಾಕ ಯಾರರ ಒಬ್ರು ಅವರ ಮನಿ ಬಿಟ್ಟು ಹೊಂಟೇಬಿಟ್ಟಿರ್ತಾರ. ಒಂದಿನದ ಮಾತಾದ್ರ ಮರೀಬಹುದು. ಇಪ್ಪತ್ತು ವರ್ಷದಿಂದ ನಡದೈತಿ. ಹಾಡೂ ಬದಲಾಗಿಲ್ಲ, ಮಂದೀನೂ ಸುಧಾರಿಸಿಲ್ಲ.

ಮರಾಠಿ ಗಡ್ಯಾಗಿನ ನಮ್ಮ ಜತ್ತದ ಬಸ್ ಸ್ಟ್ಯಾಂಡಿನ ಹಿಂದ ನಂದೊಂದು ಮೋಟಾರ್ ವೈಂಡಿಂಗ್ ಅಂಗಡಿ ಐತಿ. ಬೋರಿನ ಮೋಟಾರ್, ಬಾವಿ ಮೋಟಾರ್, ಹಿಟ್ಟಿನ ಗಿರಣಿ ಮೋಟಾರ್, ಯಾವುದ ಸುಟ್ಟು ಬಂದ್ರೂ ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತಿ ಕೊಡ್ತೀನಿ. ದಿನಾ ಪೂರ್ತಿ ಕೈಗೆ ಕೆಲಸ ಇರ್ತೈತಿ, ಕಿವಿಗೆ ಏನೂ ಇರೂದಿಲ್ಲ. ಹಂಗಾಗಿ ಕಿವಿಗೆ ಅಂತ ಒಂದು ಬ್ಯಾಂಡ್ ಇಟಗೊಂಡೀನಿ. ಇಂಗ್ಲಂಡದ್ದು. ಐದು ಮಂದಿ, ಐವರಿಗೂ ಉದ್ದ ಕೂದಲ. ಒಬ್ರು ಆರ್ಗನ್ ಬಾರಸ್ತಾರ, ಒಬ್ರು ಕೊಳಲು ಊದತಾರ. ಆ ಥರದ ಸಂಗೀತಕ್ಕ ಪ್ರೋಗ್ರೆಸಿವ್ ರಾಕ್ ಅಂತಾರ. ಅಂದ್ರ ಹಾಡು ಮನಿಯಿಂದ ಹೊಂಟದ್ದು ನೆಟ್ಟಗ ಮನಿಗೆ ಬರೂದಿಲ್ಲ, ನಾಕು ಊರು ತಿರುಗಿ ಬರ್ತೈತಿ. ನಾ ಮಿರಜದಾಗ ವೈಂಡಿಂಗ್ ಕಲಿಯೂ ಮುಂದ ನನ್ನ ಬಾಡಿಗಿ ಖೋಲ್ಯಾಗ ಮೊದಲಿದ್ದವ್ರು ಯಾರೋ ಇವರ ಈ ಹಾಡಿನ ಕ್ಯಾಸೆಟ್ ಬಿಟ್ಟು ಹೋಗಿದ್ರು. ಬೇಕಂತಲೇ ಬಿಟ್ಟು ಹೋಗಿದ್ರು ಅಂತ ನಮ್ಮ ಮನಿಯಾಕಿ ಅಂತಾಳ.

ಬ್ಯಾಂಡಿನ ಹೆಸರು ಇಲ್ಲಿ ಬರಿಯೂದಿಲ್ಲ. ಬರದ್ರ ನೀವೂ ‘ಯಾರ್ರಿ ಅವ್ರು?’ ಅಂತೀರಿ. ಆ ಮಾತು ಕೇಳಿ ಕೇಳಿ ನನಗ ಬೀಪಿ ಬಂದೈತಿ. ಅವರ ದೇಶದಾಗೂ ಮಂದಿ ಹಂಗ ಅಂತಾರಂತ. ಅಲ್ಲೀ ಮಂದಿಗೂ ನಾಚಿಕಿ ಇಲ್ಲ.

ಚಟ

ನಾ ಕನ್ಯಾ ನೋಡಲಾಕ ಹೋದಾಗ ನಮ್ಮ ಸೋದರಮಾವ ಜೋಡಿ ಬಂದಿದ್ದ. ಅವಲಕ್ಕಿ ಆತು, ಚಹಾ ಆತು. ಹುಡುಗಿ ಅಪ್ಪ ದನಿ ಸಣ್ಣ ಮಾಡಿ ಮಾವನ್ನ ಕೇಳಿದ್ರು, "ಹುಡುಗಗ ಚಟಾ ಗಿಟಾ?"

"ಛೇ ಛೇ, ಅಡಕಿ ಸೈತ ಮುಟ್ಟೂದಿಲ್ಲ. ಒಂದು ಇಂಗ್ಲೀಷ್ ಹಾಡು ಕೇಳ್ತಾನ, ಅಷ್ಟ."

"ಒಂದೇ?"

"ಒಂದೇರಿ. ಅದು ಇನ್ನೂ ಮುಗದಿಲ್ಲ."

ಮಂದಿ ಎಲ್ಲಾ ಹೊಟ್ಟಿ ಹಿಡಕೊಂಡು ನಕ್ಕಿತು. ಒಳಗ ಅಡಗಿಮನ್ಯಾಗೂ ನಗಿ ಕೇಳಿಸ್ತು. ನನಗ ತಡೀಲಿಲ್ಲ. "ಇಪ್ಪತ್ತೆರಡು ನಿಮಿಷಕ್ಕ ಮುಗೀತೈತಿ!" ಅಂತ ಒದರಿದೆ. ಕನ್ಯಾ ನೋಡಲಾಕ ಹೋದವ ಆಡಿದ ಮೊದಲನೇ ಮಾತು ಅದು.

ಹೆಂಗೋ ಲಗ್ನ ಆತು. ಎಂಟು ದಿನಕ್ಕ ಹೆಂಡತೀನ ಕುಂದರಿಸಿಕೊಂಡು ಪೂರಾ ಹಾಡು ಕೇಳಿಸಿದೆ. ಇಲ್ಲಿ ಆರ್ಗನ್ ಬಂತು ನೋಡು, ಇಲ್ಲಿ ಕೊಳಲು ಅಳಲಾಕತ್ತೈತಿ ನೋಡು ಅಂತ ತಿಳಿಸಿ ಹೇಳಿದೆ. ಆಕಿ ಒಂದು ಬುಟ್ಟಿ ಶೇಂಗಾ ಸುಲದ್ಲು. ಹಾಡು ಮುಗದ ಮ್ಯಾಲ ನೆಟ್ಟಗ ಎದ್ದು ನಮ್ಮವ್ವನ ಕಡೆ ಹೋಗಿ ಹೇಳಿದ್ಲು:

"ಅತ್ತಿ, ಕುಡಿಯೂ ಚಟ ಆಗಿದ್ರ ಪಂಢರಪುರಕ್ಕ ಕರಕೊಂಡು ಹೋಗಿ ತುಳಸಿ ಮಾಲಿ ಹಾಕಿಸಿದ್ರ ಬಿಡ್ತಿದ್ರು. ಇದಕ್ಕ ಯಾವ ದೇವರಿಗಿ ಹೋಗೂದ್ರಿ?"

ಬೆನ್ನ ಮ್ಯಾಲಿನವ್ರು

ಒಂದು ಸಂತಿ ದಿನ ಉಳ್ಳಾಗಡ್ಡಿ ಆರಿಸಲಾಕತ್ತಿದ್ದೆ. ಗದ್ದಲದಾಗ ಮುಂದ ಒಬ್ಬ ಕರೇ ಟೀ ಶರ್ಟಿನವ ಹೊಂಟಿದ್ದ. ಅವನ ಬೆನ್ನ ಮ್ಯಾಲ ಛಾಪಿಸಿದ ಐದು ಮಾರಿ. ಮೂರನೇದರ ಗಡ್ಡ ನೋಡಿದೆ. ನನ್ನ ಕೊಳಲಿನವ್ರು!

ಜತ್ತ ತಾಲೂಕಿನ್ಯಾಗ ನನ್ನಂಥಾವ ಇನ್ನೊಬ್ಬ ಅದಾನ ಅಂತ ಗೊತ್ತಾದ ಆ ಗಳಿಗ್ಯಾಗ ನನ್ನ ಕಣ್ಣಾಗ ನೀರು ಬಂತು. ಚೀಲಾ ಅಲ್ಲೇ ಒಗದು ಓಡಿದೆ. ಮೆಣಸಿನಕಾಯಿ ಸಾಲು ದಾಟಿ, ಬಳಿ ಅಂಗಡಿ ದಾಟಿ, ಒಂದು ಎಮ್ಮಿ ಸುತ್ತ ಹಾಯ್ದು, ದಾಳಿಂಬರಿ ಕ್ರೇಟ್ ಏರಸೂ ಟೆಂಪೋ ಹತ್ರ ಅವನ್ನ ಹಿಡದೆ. ಹಿಡದು ಅಪ್ಪಿಕೊಂಡೆ.

"ಏನ್ರಿ? ಯಾರ್ರಿ ನೀವು? ಬಿಡ್ರಿ ನನ್ನ!" ಅಂದ.

"ನೀವೂ ಇವರ ಅಭಿಮಾನಿ ಏನ್ರಿ?"

"ಯಾರ ಅಭಿಮಾನಿ?"

"ನಿಮ್ಮ ಬೆನ್ನ ಮ್ಯಾಲಿನವ್ರ!"

ಅವಂಗ ತನ್ನ ಬೆನ್ನ ಮ್ಯಾಲ ಯಾರರ ಅದಾರ ಅನ್ನೂದೇ ಗೊತ್ತಿದ್ದಿಲ್ಲ. ಸಂತ್ಯಾಗೇ ಟೀ ಶರ್ಟ್ ಕಳದು, ತಿರುಗಿಸಿ, ಐವರನ್ನೂ ಒಬ್ಬೊಬ್ಬರಾಗಿ ನೋಡಿದ.

"ಇವ್ರಾ? ಬಟ್ಟಿ ದಪ್ಪ ಐತಿ ಅಂತ ಹಳೇ ಅಂಗಿ ರಾಶ್ಯಾಗ ಆರಿಸಿ ತಂದೀನ್ರಿ. ಯಾವುದೋ ಸೊಸೈಟಿ ಇಲೆಕ್ಷನ್ನಿಗೆ ನಿಂತ ಪ್ಯಾನೆಲ್ ಇರಬೇಕು."

"ಪ್ಯಾನೆಲ್ ಅಲ್ಲ! ಎಂಥಾ ಕಲಾವಿದ್ರು ಅವ್ರು, ಗೊತ್ತೈತೇನು ನಿಮಗ?" ನನ್ನ ದನಿ ಏರಿತ್ತು, ನಾಕು ಮಂದಿ ಕೂಡಿದ್ರು.

ಅವ ತಣ್ಣಗ ಟೀ ಶರ್ಟ್ ಮತ್ತ ಹಾಕ್ಕೊಂಡ. "ಯಾರರ ಇರ್ಲಿರಿ. ಸೋತಾರ ಅನ್ನೂದಂತೂ ಖರೆ. ಗೆದ್ದವ್ರ ಅಂಗಿ ರಾಶ್ಯಾಗ ಯಾಕ ಬರ್ತಾವ?"

ತಿರುಗಿ ಹೋಗಿ ನೋಡಿದ್ರ ನನ್ನ ಉಳ್ಳಾಗಡ್ಡಿ ಚೀಲಾನೂ ಇದ್ದಿಲ್ಲ.

ಕುರಿಗಳ ಕದರು

ಮಾಡಗ್ಯಾಳದಾಗ ಒಬ್ರ ಹೊಲದಾಗ ಬೋರಿಗೆ ಮೋಟಾರ್ ಇಳಿಸಿ, ನೀರು ಬರೂ ತನಕ ಬೇವಿನ ಗಿಡದ ಕೆಳಗ ಒಂದು ಚೀಲದ ಮ್ಯಾಲ ಕುಂತಿದ್ದೆ. ಸಣ್ಣ ಸ್ಪೀಕರ್ ಕಲ್ಲಿನ ಮ್ಯಾಲ ಇಟ್ಟು, ಫೋನಿಗೆ ವಾಯರ್ ಹಚ್ಚಿ ಹಾಡು ಹಾಕಿದೆ. ಕೊಳಲು ಬಂತು ನೋಡ್ರಿ, ದೂರ ಮೇಯಲಾಕತ್ತಿದ್ದ ಕುರಿ ಒಂದು ತಲಿ ಎತ್ತಿತು. ಮಾಡಗ್ಯಾಳದ ಕುರಿ ಅಂದ್ರ ಬಾಗಿದ ಮೂಗು, ದೊಡ್ಡ ಗತ್ತು. ಅಂಥಾ ಕುರಿ ಒಂದರ ಹಿಂದ ಒಂದು ಬಂದು ನನ್ನ ಸುತ್ತ ನಿಂತಾವ. ಮೂವತ್ತರ ಇರಬೇಕು. ಒಂದೂ ಬ್ಯಾ ಅನ್ನಲಿಲ್ಲ. ನನ್ನೇ ನೋಡಲಾಕತ್ತಾವ.

ನನ್ನ ಎದಿ ತುಂಬಿ ಬಂತು. ಮನಷ್ಯಾರಿಗೆ ತಿಳೀದಿದ್ದು ಕುರಿಗೆ ತಿಳೀತಲ್ಲ! ಕುರಿ ಕಾಯೂ ಅಜ್ಜ ಬಂದ.

"ಅಜ್ಜಾ, ನೋಡ್ರಿ ಹೆಂಗ ಮಳ್ಳಾಗ್ಯಾವ!"

ಅಜ್ಜ ಕುರಿ ಕಡೆ ನೋಡಿ, ನನ್ನ ಕಡೆ ನೋಡಿ ಅಂದ, "ತಮ್ಮಾ, ಸ್ವಲ್ಪ ಏಳು."

ಇಂಥಾ ಸಂಗೀತಕ್ಕ ಎದ್ದು ನಿಂದರಬೇಕು ಅಂತ ಅಜ್ಜಗ ಅನಿಸಿರಬೇಕು ಅಂತ ತಿಳಕೊಂಡು ಎದ್ದು ಕೈ ಕಟ್ಟಿ ನಿಂತೆ. ಅಜ್ಜ ಬಗ್ಗಿ ನನ್ನ ಕೆಳಗಿನ ಚೀಲ ಎಳಕೊಂಡ.

"ಅವುಗಳ ಹಿಂಡಿ ಚೀಲದ ಮ್ಯಾಲ ಕುಂತಿದ್ದಿ. ಯಾವಾಗ ಏಳ್ತೀ ಅಂತ ಪಾಪ ಅವಾಗಿಂದ ಕಾಯಲಾಕತ್ತಾವ."

ಚೀಲದ ಹಿಂದ ಎಲ್ಲಾ ಕುರಿ ಹೊಂಟು ಹೋದವು. ಒಂದು ಮರಿ ಮಾತ್ರ ಹಾಡು ಬಿಟ್ಟು ಕದಲಲಿಲ್ಲ. ಹತ್ರ ಹೋಗಿ ನೋಡಿದೆ. ಸ್ಪೀಕರಿನ ವಾಯರ್ ತಿನ್ನಲಾಕತ್ತಿತ್ತು.

ಎಂಟನೇ ಪೆಟ್ಟು

ಸಾಲಿ ಸಮ್ಮೇಳನಕ್ಕ ಹುಡುಗ್ಯಾರು ಲೇಜೀಮ್ ಕುಣಿತ ಕಲಿಯಲಾಕತ್ತಿದ್ರು. ಆಂಪ್ಲಿಫೈಯರ್ ಕೆಟ್ಟೈತಿ ಅಂತ ಆಟದ ಮಾಸ್ತರು ನನ್ನ ಕರಸಿದ್ರು. ದುರಸ್ತಿ ಮಾಡಿ, ಪರೀಕ್ಷಾ ಮಾಡಲಾಕ ಅಂತ ನನ್ನ ಹಾಡಿನ ನಡುವಿನ ಭಾಗ ಹಾಕಿದೆ. ಅದು ಏಳು ಪೆಟ್ಟಿನ ತಾಳ. ಹುಡುಗ್ಯಾರು ಹಾಡು ಬಂತು ಅಂತ ರೂಢಿ ಪ್ರಕಾರ ಎಂಟಕ್ಕ ಹೆಜ್ಜಿ ಹಾಕಿದ್ರು. ಎರಡು ಸುತ್ತು ಬರೂದ್ರಾಗ ಮುಂದಿನ ಸಾಲು ಹಿಂದಿನ ಸಾಲಿಗೆ ಡಿಕ್ಕಿ ಹೊಡೀತು. ನಾಕು ಮಂದಿ ಬಿದ್ರು.

ಮಾಸ್ತರು ಸೀಟಿ ಊದಿದ್ರು. "ಥಾಂಬಾ ಥಾಂಬಾ, ನಿಂದರ್ರಿ! ಏನ್ರಿ ಇದು, ಒಂದು ಪೆಟ್ಟು ಕಮ್ಮಿ ಬರ್ತೈತಲ್ಲ?"

"ಏಳೇ ಐತ್ರಿ ಸರ್. ಅವ್ರು ಬೇಕಂತಲೇ ಏಳು ಇಟ್ಟಾರ."

ಮಾಸ್ತರು ನನ್ನ ಮಾರಿ ದಿಟ್ಟಿಸಿ ನೋಡಿದ್ರು. "ವೈಂಡಿಂಗಿನವ್ರು ಮೋಟಾರದಾಗಿಂದ ತಾಮ್ರ ಕದ್ದು ತಗೀತಾರ ಅಂತ ಕೇಳಿದ್ದೆ. ಹಾಡಿನ್ಯಾಗಿಂದನೂ ತಗೀತೀರೇನು?"

ಕಾಲಚಕ್ರ

ಇವೆಲ್ಲಾ ನುಂಗಿಕೊಂಡೀನಿ. ಇದೊಂದು ಮಾತ್ರ ನುಂಗಲಾಕ ಆಗವಲ್ದು.

ಆ ಇಪ್ಪತ್ತೆರಡು ನಿಮಿಷದ ಹಾಡು ಶುರು ಆಗೂದು ಒಂದು ಸಪ್ಪಳದಿಂದ. ಆರ್ಗನ್ ಬರೂಕಿಂತ ಮೊದಲ ಒಂದು ನಿಮಿಷ ಬರೇ ‘ಗರ್ರ್... ಗರ್ರ್...’ ಅಂತ ಬರ್ತೈತಿ. ಅದು ಕಾಲಚಕ್ರ ತಿರುಗೂ ಸಪ್ಪಳ ಅಂತ ನಾ ಮೊದಲನೇ ದಿನಾನೇ ಕಂಡುಹಿಡದಿದ್ದೆ. ಅಂಗಡಿಗೆ ಬಂದವರಿಗೆಲ್ಲಾ ಬಿಡಿಸಿ ಹೇಳ್ತಿದ್ದೆ.

ಹೋದ ವರ್ಷ ಸೊರಡಿಯಿಂದ ಒಬ್ರು ರೈತರು ಸುಟ್ಟ ಮೋಟಾರ್ ಟಂಟಂ ರಿಕ್ಷಾದಾಗ ಹಾಕ್ಕೊಂಡು ಬಂದ್ರು. ಅದನ್ನ ಇಳಿಸಿ ಒಳಗ ಕಾಲಿಟ್ಟವ್ರೇ ಕೈ ಎತ್ತಿ ನಿಂತ್ರು.

"ಅದ್ಯಾವ ಮೋಟಾರ್ರಿ? ಲಗೂನ ಬಂದ್ ಮಾಡ್ರಿ. ಬೇರಿಂಗ್ ಹೋಗೈತಿ."

"ಮೋಟಾರ್ ಅಲ್ರಿ, ಹಾಡು."

ಮತ್ತ ಕಿವಿಗೊಟ್ಟು ಕೇಳಿದ್ರು. "ಹಂಗಾರ ಹಾಡಿನ ಬೇರಿಂಗ್ ಹೋಗೈತಿ."

"ಅದು ಕಾಲಚಕ್ರರಿ!"

"ಚಕ್ರ ಯಾವುದರ ಇರ್ಲಿ, ಬೇರಿಂಗ್ ಇರಬೇಕಲ್ರಿ. ನಂದು ಸುಡೂಕಿಂತ ಮೊದಲ ಎಂಟು ದಿನ ಹಿಂಗ ಒದರತಿತ್ತು."

ನಾ ಕೈಯಾಗಿನ ಪಾನಾ ಒಗದು ಎದ್ದೆ. "ಇಪ್ಪತ್ತು ವರ್ಷದಿಂದ ದಿನಾ ಕೇಳಲಾಕತ್ತೀನಿ. ನನಗ ಹೇಳಲಾಕ ಬರ್ತೀರೇನು?"

ಅವ್ರು ಸಿಟ್ಟಾಗಲಿಲ್ಲ. ಅದ ನನಗ ಹೆಚ್ಚು ಸಿಟ್ಟು ತರಿಸಿದ್ದು. "ಅದಕ್ಕರಿ," ಅಂದ್ರು. "ಇಪ್ಪತ್ತು ವರ್ಷ ದಿನಾ ಕೇಳಿನೂ ಬೇರಿಂಗ್ ಹೋಗಿದ್ದು ತಿಳೀಲಿಲ್ಲಂದ್ರ, ನನ್ನ ಮೋಟಾರ್ ನಿಮ್ಮ ಕೈಯಾಗ ಹೆಂಗ ಕೊಡ್ಲಿ?" ಮೋಟಾರ್ ಮತ್ತ ಎತ್ತಿಸಿಕೊಂಡು ಎದುರಿನ ವೈಂಡಿಂಗ್ ಅಂಗಡಿಗೆ ಹೋದ್ರು.

ಬಾಜೂಕಿನ ಚಹಾದಂಗಡಿಯವ ಇದನ್ನೆಲ್ಲಾ ನೋಡಿದ್ದ. ಅವ ನೋಡಿದ ಅಂದ್ರ ತಾಲೂಕ ಎಲ್ಲಾ ನೋಡಿದಂಗ. ನಾಕು ದಿನದಾಗ ಮಂದಿ ನನ್ನ ಅಂಗಡಿಗೆ ‘ಕಾಲಚಕ್ರ’ ಅಂತ ಹೆಸರಿಟ್ರು. ಹಳೇ ಗಿರಾಕಿ ಸೈತ ಮೋಟಾರ್ ಕೊಡೂ ಮುಂದ "ನಿಮಗ ಕೇಳಸ್ತೈತಲ್ರಿ?" ಅಂತ ಕೇಳಲಾಕತ್ರು. ಇಬ್ರು ಬಂದು ಬಾಗಲದಾಗ ನಿಂತು, ಹಾಡು ಕೇಳಿ, ಹಂಗ ತಿರುಗಿ ಹೋದ್ರು. ಕಲಾಕ್ಕ ಅವಮಾನ ಆದ್ರ ತಡಕೊಂಡೇನು, ಹೊಟ್ಟಿ ಮ್ಯಾಲ ಹೊಡದ್ರ ಹೆಂಗ ತಡಕೊಳ್ಳಲಿ?

ಆ ಬ್ಯಾಂಡ್ ಮುರದು ಭಾಳ ವರ್ಷಾತು. ಆರ್ಗನ್ನಿನವ್ರು ಮಾತ್ರ ಇನ್ನೂ ಅಭಿಮಾನಿಗಳ ಪತ್ರಕ್ಕ ಉತ್ತರ ಬರೀತಾರ ಅಂತ ಗೊತ್ತಿತ್ತು. ಫೋನಿನ್ಯಾಗ ಭಾಷಾಂತರ ಮಾಡಿಸಿ ಇಂಗ್ಲೀಷಿನ್ಯಾಗ ಬರದೆ: ‘ಸೊರಡಿ ಊರಿನವ್ರೊಬ್ರು ನಿಮ್ಮ ಹಾಡಿನ ಬೇರಿಂಗ್ ಹೋಗೈತಿ ಅಂತಾರ. ಅದು ಕಾಲಚಕ್ರ ಅಂತ ಎರಡು ಸಾಲು ಬರದು ಕಳಸ್ರಿ. ಗಾಜಿನ ಫ್ರೇಮ್ ಹಾಕಿಸಿ ಅಂಗಡ್ಯಾಗ ತೂಗ ಹಾಕ್ತೀನಿ.’

ಹದಿನೈದು ದಿನಕ್ಕ ಉತ್ತರ ಬಂತು. ನಾ ಒಬ್ಬನೇ ಓದಲಿಲ್ಲ. ಎಲ್ಲಾರ ಮುಂದ ಓದಿಸಬೇಕು ಅಂತ ಹಟ. ಸೊರಡಿಯವರಿಗೆ ನಿರೋಪ ಕಳಸಿದೆ: "ಬರ್ರಿ, ಇಂಗ್ಲಂಡದಿಂದ ತೀರ್ಪು ಬಂದೈತಿ." ಬಾಜಾರದ ಕೆಲಸ ಇತ್ತು ಅಂತ ಅವ್ರೂ ಬಂದ್ರು. ಕುಂದ್ರಿ ಅಂತ ಸ್ಟೂಲ್ ಕೊಟ್ಟು ಚಹಾ ತರಿಸಿದೆ. ಚಹಾದಂಗಡಿಯವ ಒಲಿ ಬಿಟ್ಟು ಬಂದ. ಏಳೆಂಟು ಮಂದಿ ಬಾಗಲದಾಗ ನಿಂತ್ರು. ಫೋನಿಗೆ ಕನ್ನಡದಾಗ ಗಟ್ಟಿಯಾಗಿ ಓದು ಅಂತ ಹಚ್ಚಿ, ಎದಿ ಸೆಟಿಸಿ ನಿಂತೆ. ಫೋನಿನ ಹೆಣ್ಣುದನಿ ಓದಿತು:

"ಪ್ರಿಯ ಮಿತ್ರರೇ, ನಿಮ್ಮ ಪತ್ರದಿಂದ ಸಂತೋಷವಾಯಿತು. ಅದು ಕಾಲಚಕ್ರವಲ್ಲ. ನನ್ನ ಆರ್ಗನ್ನಿನ ಸ್ಪೀಕರನ್ನು ತಿರುಗಿಸಲು ಒಂದು ಸಣ್ಣ ಮೋಟಾರು ಇತ್ತು. ಧ್ವನಿಮುದ್ರಣದ ದಿನ ಅದರ ಬೇರಿಂಗ್ ಹೋಗಿತ್ತು."

ಬೇರಿಂಗ್ ಅನ್ನೂ ಶಬ್ದಕ್ಕ ಭಾಷಾಂತರ ಬೇಕಾಗಿದ್ದಿಲ್ಲ. ಎಲ್ಲಾರಿಗೂ ತಿಳೀತು. ನಾ ಫೋನ್ ಬಂದ್ ಮಾಡಲಾಕ ಹೋದೆ, ಚಹಾದಂಗಡಿಯವ ಕೈ ಹಿಡದ.

"ಇಷ್ಟು ವರ್ಷಗಳಲ್ಲಿ ಯಾವ ವಿಮರ್ಶಕರೂ ಇದನ್ನು ಗುರುತಿಸಿರಲಿಲ್ಲ. ಸೊರಡಿಯ ಆ ಸಂಗೀತ ತಜ್ಞರಿಗೆ ನನ್ನ ಗೌರವಪೂರ್ವಕ ನಮಸ್ಕಾರಗಳನ್ನು ತಿಳಿಸಿರಿ."

ಬಾಗಲದಾಗಿನ ಮಂದಿ ಎಲ್ಲಾ ಸೊರಡಿಯವರ ಕಡೆ ತಿರುಗಿದ್ರು. ಒಬ್ಬ ಕೈ ಮುಗದೇಬಿಟ್ಟ. ಸೊರಡಿಯವ್ರು ನಗಲಿಲ್ಲ, ಮೆರೀಲಿಲ್ಲ. ಚಹಾದ ಕಪ್ ಕೆಳಗಿಟ್ಟು ಭಾಳ ಮರುಕದಿಂದ ಹೇಳಿದ್ರು:

"ಪಾಪ, ಹಿರೇರು, ಇದ್ದದ್ದು ಇದ್ದಂಗ ಹೇಳ್ಯಾರ. ಆ ಮೋಟಾರ್ ಇನ್ನೂ ಇದ್ರ ಜತ್ತಕ್ಕ ಕಳಸ್ರಿ ಅಂತ ಬರೀರಿ. ಇಲ್ಲಿ ಚಲೋ ಮಾಡಿ ಕೊಡ್ತಾರ."

ಅಷ್ಟು ಅವಮಾನದಾಗೂ ನನ್ನ ಮನಸ್ಸಿಗೆ ಸ್ವಲ್ಪ ತಂಪಾತು. "ಹಂಗಂತೀರೇನ್ರಿ?" ಅಂದೆ.

"ಹೂಂ ಮತ್ತ," ಅಂದು ಅವ್ರು ಟಾವೆಲ್ ಹೆಗಲಿಗೆ ಹಾಕ್ಕೊಂಡು ಎದ್ರು. "ವಿಳಾಸ ಮಾತ್ರ ಎದುರಿನ ಅಂಗಡೀದು ಬರೀರಿ."